ಅಕ್ಕ ಕಿತ್ತ ಪಿನ್ನು

ಕೋರ್ಟಿನಿಂದ ನೋಟಿಸು ಬಂತೆಂದರೆ ಎಂಥವರ ಎದೆಯೂ ಒಮ್ಮೆ ಧಸಕ್ಕೆನ್ನುತ್ತದೆ. ಅದನ್ನು ಕಳಿಸಿದವಳು ಒಡಹುಟ್ಟಿದ ಅಕ್ಕನಾಗಿದ್ದರಂತೂ ಕೇಳುವುದೇ ಬೇಡ. ನಮ್ಮ ಈ ಕಥೆಯ ವ್ಯಾನ್ ಡ್ರೈವರ್ ಆ ದಪ್ಪ ಲಕೋಟೆಯನ್ನು ಸಹಿ ಹಾಕಿ ತೆಗೆದುಕೊಂಡಾಗ ಅವನ ವ್ಯಾನಿನಲ್ಲಿ ಯಾರದೋ ಮನೆಯ ಬೀರು, ಮಂಚ, ಎರಡು ಗಡಿಯಾರ ಹಗ್ಗ ಬಿಗಿಸಿಕೊಂಡು ಕೂತಿದ್ದವು. ಅವನು ಬಾಗಿಲು ಹಾಕಿಕೊಂಡು, ಸ್ಟೀರಿಂಗಿನ ಮೇಲೆ ಕಾಗದ ಹರಡಿ, ಬೆರಳಿಟ್ಟು ಓದತೊಡಗಿದ. ಮೃತರ ಮಗನಾದ ನಿಮಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ ಎಂದು ಶುರುವಾಗಿ, ಉಸಿರು ಬಿಡದೆ ಅರ್ಧ ಪುಟ ಓಡಿ, ನಿಮ್ಮ ತಕರಾರು ಏನಾದರೂ ಇದ್ದಲ್ಲಿ ಇಂಥ ದಿನ ಹಾಜರಾಗಿ ಹೇಳತಕ್ಕದ್ದು ಎಂಬಲ್ಲಿ ಆ ವಾಕ್ಯ ಸುಸ್ತಾಗಿ ನಿಂತಿತ್ತು.

ಜೊತೆಗೆ ಅಪ್ಪನ ಉಯಿಲಿನ ನಕಲು. ಅಪ್ಪ ಪುಸ್ತಕಕ್ಕೆ ರಟ್ಟು ಹಾಕುವ ಬೈಂಡರು. ತೀರಿಕೊಂಡು ಎಂಟು ತಿಂಗಳಾಗಿತ್ತು. ‘ನನ್ನ ಕಾರ್ಖಾನೆಯೂ ಯಂತ್ರಗಳೂ ಮಗಳಿಗೆ ಸೇರತಕ್ಕದ್ದು’ ಎಂಬ ಸಾಲಿಗೆ ಬಂದಾಗ ಅವನ ಬೆರಳು ಅಲ್ಲೇ ಊರಿತು. ಮುಂದೆ ಓದಲೇ ಇಲ್ಲ. ಇನ್ನು ಓದಿ ಆಗಬೇಕಾದ್ದೇನು ಎಂದು ಕಾಗದ ಮಡಚಿ ಸೀಟಿನ ಕೆಳಗೆ ತುರುಕಿದ.

ಕಾರ್ಖಾನೆ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ರಸ್ತೆಗೆ ಮುಖ ಮಾಡಿದ ಒಂದು ಉದ್ದನೆಯ ಕೋಣೆ. ಮುಂದೆ ಅಗಲವಾದ ಕಿಟಕಿ, ನಡುವೆ ಇಬ್ಬರು ಸೇರಿ ತಿರುಗಿಸಿ ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸು, ಹಿಂದೆ ಮೂರಾಳು ತೂಕದ ಕಟಿಂಗ್ ಮಷೀನು. ಗೋಡೆಯುದ್ದಕ್ಕೂ ರಟ್ಟು, ಬಟ್ಟೆ, ದಾರದ ಉಂಡೆ. ಅಕ್ಕ ಮೂವತ್ತು ವರ್ಷದಿಂದ ಅಲ್ಲೇ ಕೂತು ಶಾಲೆಗಳ ಹಾಜರಿ ಪುಸ್ತಕ, ಲೈಬ್ರರಿಗಳ ಹರಕು ಪುಸ್ತಕ ಹೊಲಿಯುತ್ತಿದ್ದಳು. ಮದುವೆಗೂ ಪುರುಸೊತ್ತಾಗಲಿಲ್ಲ ಎಂದು ಜನ ಹೇಳುತ್ತಿದ್ದರು. ಮನಸ್ಸಾಗಲಿಲ್ಲ ಎಂದು ಅವಳು ಹೇಳುತ್ತಿದ್ದಳು.

ಆದರೆ ಜಾಗ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಇದು ನಿಜವಾದ ಉಯಿಲೇ ಎಂದು ಕೋರ್ಟು ಮೊಹರು ಒತ್ತಿ ಕೊಡಬೇಕು. ಅದಕ್ಕೇ ಪ್ರೊಬೇಟ್ ಎನ್ನುತ್ತಾರೆ. ಅದಾದರೆ ಎಲ್ಲವೂ ಅಕ್ಕನದು. ಉಯಿಲು ಬಿದ್ದುಹೋದರೆ ಇಬ್ಬರು ಮಕ್ಕಳಿಗೂ ಅರ್ಧರ್ಧ. ಅರ್ಧ ಕೋಣೆಯಲ್ಲಿ ಕಟಿಂಗ್ ಮಷೀನು ನಿಲ್ಲುವುದಿಲ್ಲ, ಅರ್ಧ ಕಿಟಕಿಯಲ್ಲಿ ಬೆಳಕು ಸಾಲುವುದಿಲ್ಲ. ಅರ್ಧವಾಯಿತೆಂದರೆ ಮಾರಾಟವೇ ಗತಿ. ಅಕ್ಕನ ಬದುಕು ಅಲ್ಲಿಗೆ ಮುಗಿದಂತೆ. ತಮ್ಮನಿಗೋ, ಮಾರಿ ಬಂದದ್ದರಲ್ಲಿ ಸ್ವಂತದ್ದೊಂದು ವ್ಯಾನು. ಹದಿನಾಲ್ಕು ವರ್ಷದಿಂದ ಬೇರೆಯವರ ವ್ಯಾನು ಓಡಿಸಿ, ಬೇರೆಯವರ ಬೀರು ಹೊತ್ತು, ಅವನ ಸೊಂಟ ಹಿಡಿದುಕೊಂಡಿತ್ತು. ಅವನನ್ನು ದುರಾಸೆಯವನು ಎನ್ನಲು ನನ್ನ ಬಾಯಿ ಬಾರದು.

ಅದೇ ವಾರ ಕಾಗದದ ಅಂಗಡಿಯ ಯಜಮಾನರು ಅವನನ್ನು ರಸ್ತೆಯಲ್ಲಿ ತಡೆದು ನಿಲ್ಲಿಸಿದರು. ಅಪ್ಪನ ಹಳೆಯ ಸ್ನೇಹಿತರು, ಉಯಿಲಿಗೆ ಸಾಕ್ಷಿ ಹಾಕಿದ್ದ ಇಬ್ಬರಲ್ಲಿ ಬದುಕಿ ಉಳಿದವರು ಇವರೊಬ್ಬರೇ. ಅಕ್ಕನ ಜೊತೆ ಕೋರ್ಟಿಗೆ ಅಲೆದು ಹೈರಾಣಾಗಿದ್ದರು. ನಿಮ್ಮಕ್ಕ ಎಂಥ ಎಡವಟ್ಟು ಮಾಡಿದ್ದಾಳೆ ಗೊತ್ತಾ ಎಂದು ಹಣೆ ಚಚ್ಚಿಕೊಂಡು ಕಥೆ ಬಿಚ್ಚಿದರು.

ಉಯಿಲು ಎರಡು ಹಾಳೆ. ಯಾವುದು ಯಾರಿಗೆ ಎಂಬುದೆಲ್ಲ ಮೊದಲ ಹಾಳೆಯಲ್ಲಿ, ಅಪ್ಪನ ಸಹಿಯೂ ಸಾಕ್ಷಿಗಳ ಸಹಿಯೂ ಎರಡನೆಯದರಲ್ಲಿ. ಎರಡನ್ನೂ ಸೇರಿಸಿ ಅಪ್ಪ ಮೂಲೆಗೆ ಒಂದು ಪಿನ್ನು ಹೊಡೆದಿದ್ದರು. ಅಕ್ಕ ಬೀರು ತೆಗೆದು ನೋಡುತ್ತಾಳೆ, ಪಿನ್ನು ತುಕ್ಕು ಹಿಡಿದಿದೆ, ಕಾಗದ ಕೆಂಪಾಗಿ ಮೂಲೆ ಹರಿಯುತ್ತಿದೆ. ಬೇರೆ ಯಾರೇ ಆಗಿದ್ದರೂ ಹಾಗೇ ಎತ್ತಿಕೊಂಡು ವಕೀಲರ ಹತ್ತಿರ ಓಡುತ್ತಿದ್ದರು. ಇವಳು ಬೈಂಡರು. ಮೇಜಿನ ಮುಂದೆ ಕೂತು, ಪಿನ್ನನ್ನು ನಾಜೂಕಾಗಿ ಕಿತ್ತು, ಹರಿದ ಮೂಲೆಗೆ ತೆಳು ಕಾಗದ ಅಂಟಿಸಿ ಒಣಗಿಸಿ, ಎರಡೂ ಹಾಳೆಗಳನ್ನು ದಾರದಿಂದ ಅಚ್ಚುಕಟ್ಟಾಗಿ ಹೊಲಿದು, ಆಮೇಲೆ ಓದಿದಳು. ಗಾಯ ಕಂಡರೆ ಡಾಕ್ಟರ ಕೈ ಸುಮ್ಮನಿರದು ನೋಡಿ, ಹಾಗೆ.

ಕೋರ್ಟಿನ ಫೈಲಿಂಗ್ ಕೌಂಟರಿನಲ್ಲಿ ಕೂರುವ ಗುಮಾಸ್ತೆಗೆ ಊರವರು ಇಟ್ಟ ಹೆಸರು ವಾಪಸ್ ಮೇಡಂ. ಅವರ ಕಿಂಡಿಯಿಂದ ಮೊದಲ ಸಲಕ್ಕೇ ಒಳಗೆ ಹೋದ ಅರ್ಜಿ ಇಲ್ಲವೇ ಇಲ್ಲ ಎನ್ನುತ್ತಾರೆ. ಒಂದು ಅಂಕಿ ತಪ್ಪಿದ್ದರೆ ವಾಪಸ್, ಮರಣ ಪತ್ರದಲ್ಲೊಂದು ಇನಿಶಿಯಲ್ಲು, ಅರ್ಜಿಯಲ್ಲೊಂದು ಇದ್ದರೆ ವಾಪಸ್. ವಕೀಲರಿಗೇ ನೀರು ಕುಡಿಸಿದ ಹೆಂಗಸು. ಉಯಿಲನ್ನು ಕೈಗೆತ್ತಿಕೊಂಡವರೇ ಕನ್ನಡಕ ಏರಿಸಿ, ಪಿನ್ನಿನ ತೂತು ಎರಡು, ಸೂಜಿಯ ತೂತು ಐದು, ಇದನ್ನು ಬಿಚ್ಚಿದವರು ಯಾರು ಎಂದು ಕೇಳಿದರಂತೆ. ಪಿನ್ನು ಬಿಚ್ಚಿದ್ದಾರೆಂದರೆ ಸಹಿಯಿರುವ ಹಾಳೆ ಉಳಿಸಿಕೊಂಡು, ಅಪ್ಪನ ಕೈಬರಹವನ್ನೇ ಅನುಕರಿಸಿ, ಮೊದಲ ಹಾಳೆ ಬದಲಿಸಿರಬಹುದು. ಕೋರ್ಟಿನಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದೇ ಅದು.

ಅಕ್ಕನ ವಕೀಲರು ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ದಾರಿ ತೋರಿಸಿದರು. ಬೀರುವಿನಲ್ಲಿ ಸಿಕ್ಕಿದಾಗಲೇ ಹೊಲಿದಿತ್ತು, ನಿಮ್ಮ ತಂದೆಯವರೇ ಹೊಲಿದಿರಬೇಕು ಎಂದು ಒಂದು ಸಾಲು ಬರೆದುಕೊಟ್ಟರೆ ಸಾಕು, ಸತ್ತವರನ್ನು ಯಾರು ಕೇಳುತ್ತಾರೆ ಎಂದರು. ಅಕ್ಕ ಒಲ್ಲೆನೆಂದು ತಲೆಯಾಡಿಸಿದಳಂತೆ.

"ಅದು ನನ್ನ ಹೊಲಿಗೆ ಸಾರ್. ಅಪ್ಪ ಇಂಥ ಗಂಟು ಹಾಕ್ತಿರಲಿಲ್ಲ."

ಇಷ್ಟು ಹೇಳಿ ಯಜಮಾನರು ತಲೆ ಮೇಲೆ ಕೈ ಹೊತ್ತರು. ನನ್ನ ಸಹಿ ನನ್ನದೇ ಎಂದು ನಾನು ಹೇಳಬಲ್ಲೆ, ಆದರೆ ಮೊದಲ ಹಾಳೆ ಓದಿದವನಲ್ಲ, ಅವತ್ತು ಅವಸರದಲ್ಲಿದ್ದೆ ಎಂದು ಪೇಚಾಡಿದರು. ತಮ್ಮನಾದವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಒಂದು ಹೇಳಿ ವ್ಯಾನು ಹತ್ತಿದ. ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಸೀಟಿನ ಕೆಳಗಿಂದ ಲಕೋಟೆ ಎಳೆದು, ಅದರಲ್ಲೇ ಇದ್ದ, ಅಕ್ಕ ಕೋರ್ಟಿಗೆ ಆಣೆ ಮಾಡಿ ಬರೆದುಕೊಟ್ಟ ಪ್ರಮಾಣಪತ್ರ ಹುಡುಕಿದ.

‘ಪಿನ್ನು ಕಿತ್ತವಳು ನಾನು. ಯಾರೂ ಕೀಳು ಎಂದು ಹೇಳಿರಲಿಲ್ಲ. ಅದು ಉಯಿಲು ಎನ್ನುವುದಕ್ಕಿಂತ ಮೊದಲು ನನಗೆ ಹರಿದ ಕಾಗದವಾಗಿ ಕಂಡಿತು. ತಪ್ಪಾಗಿದ್ದರೆ ಅದು ನನ್ನದು, ನನ್ನ ತಂದೆಯವರದಲ್ಲ.’

ಅವನು ಅದನ್ನು ಎರಡು ಸಲ ಓದಿದ. ಎಷ್ಟು ಕೋಪವಿದ್ದರೂ ಒಳಗೊಳಗೆ ಹೆಮ್ಮೆ ಎನಿಸಿತು. ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಂಡು, ಗಂಟು ಯಾರದೆಂದೂ ಹೇಳಿ ಹೋಗುವ ಹೆಂಗಸು ಲೋಕದಲ್ಲಿ ಇನ್ನೊಬ್ಬಳಿದ್ದಾಳೆಯೇ? ಆಮೇಲೆ ಮತ್ತೆ ಸೊಂಟ ನೋಯಿತು, ಹೆಮ್ಮೆ ಹಿಂದೆ ಸರಿಯಿತು.

ಅವನಿಗೆ ಪರಿಚಯದ ವಕೀಲರೊಬ್ಬರಿದ್ದರು. ಹಿಂದೊಮ್ಮೆ ಅವರ ಮನೆ ಸಾಮಾನು ಸಾಗಿಸಿದ್ದ. ಪ್ರಮಾಣಪತ್ರ ಓದಿ ಅವರ ಮುಖ ಊರಗಲವಾಯಿತು. ನಿಮ್ಮಕ್ಕ ನಿಮಗೆ ಕೇಸು ತಟ್ಟೆಯಲ್ಲಿಟ್ಟು ಕೊಟ್ಟಿದ್ದಾರಲ್ರೀ ಎಂದು ಕುರ್ಚಿಯಿಂದ ಮುಂದೆ ಬಾಗಿದರು. ಮೊದಲ ಹಾಳೆ ಮೂಲದ್ದಲ್ಲವೆಂದು ನನಗೆ ಬಲವಾದ ಅನುಮಾನವಿದೆ ಎಂದು ಒಂದು ತಕರಾರು ಸಾಕು, ಉಳಿದದ್ದನ್ನು ಆ ತೂತುಗಳೇ ಹೇಳುತ್ತವೆ ಎಂದು ಅಲ್ಲೇ ಟೈಪು ಮಾಡಿಸಿ ಕೊಟ್ಟರು. ಮನೆಯಲ್ಲಿ ಹೆಂಡತಿ ಅದನ್ನು ಓದಿ ಮಡಚಿ ಕೊಟ್ಟಳು. ನಿಮಗೆ ನಿಜವಾಗಿ ಅನುಮಾನ ಇದ್ದರೆ ಹಾಕಿ ಎಂದಷ್ಟೇ ಹೇಳಿ ಒಳಗೆ ಹೋದಳು. ಬೈದಿದ್ದರೆ ಒಳ್ಳೆಯದಿತ್ತು ಎನಿಸಿತು ಅವನಿಗೆ.

ಹಾಜರಾಗುವ ದಿನ ಬೆಳಿಗ್ಗೆ ಒಂದು ಗಂಟೆ ಮೊದಲೇ ಕೋರ್ಟಿಗೆ ಬಂದ. ಸುಣ್ಣ ಉದುರಿದ ಮೊಗಸಾಲೆ, ಕಾಲು ಮುರಿದ ಬೆಂಚು, ಅದರ ಮೇಲೆ ಉಸಿರು ಬಿಗಿಹಿಡಿದು ಕೂತ ಜನ. ಬೆಂಚಿನ ಆ ತುದಿಯಲ್ಲಿ ಅಕ್ಕ, ಯಜಮಾನರ ಪಕ್ಕ. ಕೂದಲು ಪೂರ್ತಿ ಬಿಳಿಯಾಗಿತ್ತು. ಅಪ್ಪನನ್ನು ಸಾಗಿಸಿದ ದಿನ ಇಬ್ಬರೂ ಒಂದೇ ಕೋಣೆಯಲ್ಲಿದ್ದು ಒಂದು ಮಾತೂ ಆಡಿರಲಿಲ್ಲ. ಇವತ್ತೂ ಅವಳು ನೋಡಿದಳು, ಅವನು ನೋಡಿದ, ಅಷ್ಟೇ. ಅವನು ನೇರ ಕಿಂಡಿಗೆ ಹೋಗಿ ತಕರಾರನ್ನು ಒಳಗೆ ನೂಕಿದ.

ವಾಪಸ್ ಮೇಡಂ ಓದಿದರು. ಮೂರನೆಯ ಪ್ಯಾರಾದ ಮೇಲೆ ಅವರ ಪೆನ್ನು ನಿಂತಿತು. ‘ಮೂಲ ಉಯಿಲನ್ನು ಖುದ್ದಾಗಿ ಪರಿಶೀಲಿಸಿದ್ದು’ ಎಂದು ವಕೀಲರು ಅಭ್ಯಾಸಬಲದಿಂದ ಟೈಪು ಮಾಡಿಸಿದ್ದರು.

"ಮೂಲ ನೋಡಿದ್ದೀರಾ?" ಎಂದರು ಮೇಡಂ.

"ಇಲ್ಲ. ನಕಲು ನೋಡಿದ್ದೀನಿ."

"ಹಾಗಾದ್ರೆ ಇದು ಸುಳ್ಳಾಯ್ತಲ್ಲ. ಮೊದ್ಲು ನೋಡಿ, ಆಮೇಲೆ ಅನುಮಾನ ಪಡಿ." ತಕರಾರು ಕಿಂಡಿಯಿಂದ ಹೊರಗೆ ಬಂತು.

ಅವನಿಗೆ ಮೈಯೆಲ್ಲ ಉರಿಯಿತು. ಆದರೆ ಆ ಹೆಂಗಸು ಅಕ್ಕನ ಅರ್ಜಿಯನ್ನೂ ಹೀಗೇ ಮೂರು ಸಲ ವಾಪಸ್ ಮಾಡಿದ್ದರೆಂದು ಯಜಮಾನರು ಹೇಳಿದ್ದು ನೆನಪಾಗಿ ಬಾಯಿ ಮುಚ್ಚಿಕೊಂಡ. ಅವರ ತಕ್ಕಡಿ ಯಾರಿಗೂ ಒಂದು ಗುಲಗಂಜಿಯಷ್ಟು ಹೆಚ್ಚು ತೂಗುತ್ತಿರಲಿಲ್ಲ, ಯಾರಿಗೂ ಕಡಿಮೆ ತೂಗುತ್ತಿರಲಿಲ್ಲ. ನಾನಂತೂ ಅಂಥವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ, ನನ್ನ ಅರ್ಜಿ ಅವರ ಕೈಗೆ ಸಿಗದಿರಲಿ ಎಂದೂ ಬೇಡಿಕೊಳ್ಳುತ್ತೇನೆ.

ಮೇಡಂ ಅವನನ್ನು ಒಳಗೆ ಕರೆದು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿ, ಪೆನ್ನು ಕಿತ್ತಿಟ್ಟುಕೊಂಡು, ಕೈ ಒರೆಸಿಕೊಳ್ಳಲು ಹೇಳಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಉಯಿಲನ್ನು ಇಟ್ಟರು. ತಾವು ಎದುರಿಗೇ ಕೂತು ಕಣ್ಣು ಮಿಟುಕಿಸದೆ ಕಾವಲು ಕಾದರು.

ಮೊದಲು ಅವನಿಗೆ ಕಂಡದ್ದು ಅಕ್ಕನ ತೇಪೆ. ಹಳದಿ ತಿರುಗಿದ ಕಾಗದದ ಮೂಲೆಯಲ್ಲಿ ಬೆಳ್ಳಗೆ, ಮಾರು ದೂರದಿಂದಲೂ ಎದ್ದು ಕಾಣುವಂತಿತ್ತು. ಅದನ್ನು ಕಂಡದ್ದೇ ಅವನ ಕಿವಿ ಬಿಸಿಯಾಯಿತು. ಏಕೆಂದರೆ ಹದಿನಾಲ್ಕು ವರ್ಷದ ಹಿಂದಿನ ಜಗಳ ಇಂಥದೊಂದು ತೇಪೆಯ ಮೇಲೆಯೇ ನಡೆದಿತ್ತು. ಆರು ವರ್ಷ ಅಪ್ಪನ ಕೈಕೆಳಗೆ ಕಲಿತು ಅವನು ಎತ್ತಿದ ಕೈ ಎನಿಸಿಕೊಂಡಿದ್ದ ಕಾಲ. ಒಂದು ಶಾಲೆಯ ಹಳೆಯ ದಾಖಲಾತಿ ಪುಸ್ತಕ ಬಂದಿತ್ತು. ಹರಿದ ಪುಟಕ್ಕೆ ಅವನು ಚಹಾದ ನೀರಿನಲ್ಲಿ ಅದ್ದಿ ಬಣ್ಣ ಹೊಂದಿಸಿದ ಕಾಗದ ಅಂಟಿಸಿದ. ದೇವರೇ ಬಂದು ಹುಡುಕಿದರೂ ತೇಪೆ ಸಿಗಬಾರದು, ಹಾಗೆ. ಅಪ್ಪ ಗಿರಾಕಿಯ ಎದುರಿಗೇ ಅದಕ್ಕೆ ನೀರು ಹಚ್ಚಿ ಸುಲಿದು ಹಾಕಿದರು. ತೇಪೆ ಕಾಣಬೇಕು, ಯಾವುದು ಹಳೆಯದು ಯಾವುದು ನಮ್ಮದು ಎಂದು ಓದುವವನಿಗೆ ಗೊತ್ತಾಗಬೇಕು, ಕಾಣದ ತೇಪೆ ಕಳ್ಳತನ ಎಂದು ಗದರಿದರು. ಇಪ್ಪತ್ತೆರಡರ ಬಿಸಿರಕ್ತ. ಅವನು ಕೈಯಲ್ಲಿದ್ದ ಬ್ರಷ್ಷು ಎಸೆದು ಹೊರಟವನು ಮತ್ತೆ ಒಳಗೆ ಕಾಲಿಡಲಿಲ್ಲ, ಅಕ್ಕನ ಜೊತೆಗೂ ಮಾತು ಬಿಟ್ಟ.

ಹಾಳೆ ಬದಲಿಸುವವರು ಬೆಳ್ಳಗೆ ತೇಪೆ ಹಾಕುತ್ತಾರೆಯೇ? ಬಣ್ಣ ಹೊಂದಿಸುವುದು ಅಕ್ಕನಿಗೆ ಬಾರದ್ದೇನಲ್ಲ, ಅವನಿಗೆ ಕಲಿಸಿದವಳೇ ಅವಳು. ಮುಚ್ಚಬಲ್ಲವಳು ಮುಚ್ಚದೆ ಬಿಟ್ಟಿದ್ದಳು. ಆ ಕ್ಷಣಕ್ಕೇ ಅವನ ಅನುಮಾನ ಎಂಬುದು ಇದ್ದದ್ದಾದರೆ ಸತ್ತುಹೋಯಿತು. ಉಳಿದದ್ದು ಆಸೆ ಮಾತ್ರ. ಅದಕ್ಕೆ ಟೈಪು ಮಾಡಿದ ತಕರಾರು ಜೇಬಿನಲ್ಲಿ ಸಿದ್ಧವಾಗಿಯೇ ಇತ್ತು.

ಆಮೇಲೆ ಅವನು ಎರಡನೆಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಯಾಕೆ ಹಿಡಿದೆ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ, ಕೈ ತಾನಾಗಿ ಹಿಡಿಯಿತು. ಅಪ್ಪ ಅಡಿಯಲ್ಲಿ ಕಾರ್ಬನ್ ಇಟ್ಟು ರಸೀದಿ ಬರೆದೂ ಬರೆದೂ ಪೆನ್ನನ್ನು ಉಳಿಯಂತೆ ಒತ್ತುವುದನ್ನು ರೂಢಿ ಮಾಡಿಕೊಂಡಿದ್ದರು. ಅವರು ಬರೆದ ಹಾಳೆ ಹರಿದುಕೊಟ್ಟ ಮೇಲೂ ಕೆಳಗಿನ ಖಾಲಿ ಹಾಳೆಯನ್ನು ಓರೆ ಹಿಡಿದು ಹಿಂದಿನ ದಿನದ ಆರ್ಡರನ್ನು ಅವನು ಓದಿ ಹೇಳುತ್ತಿದ್ದ. ಕಾರ್ಖಾನೆಯಲ್ಲಿ ಅದನ್ನು ಓದಬಲ್ಲ ಕಣ್ಣು ಅವನೊಬ್ಬನದೇ. ಈ ಎರಡನೆಯ ಹಾಳೆಯಲ್ಲಿ ಸಹಿಗಳ ಕೆಳಗೆ ಅರ್ಧ ಪುಟ ಖಾಲಿ. ಆ ಖಾಲಿಯಲ್ಲಿ, ಮಸಿಯಿಲ್ಲದೆ, ಬರೀ ಗೀರಾಗಿ, ಮೊದಲ ಹಾಳೆಯ ಕೊನೆಯ ಸಾಲುಗಳು ಎದ್ದು ಬಂದವು. ಕಾರ್ಖಾನೆಯೂ ಯಂತ್ರಗಳೂ ಮಗಳಿಗೆ. ಅದರ ಕೆಳಗೆ, ನಕಲಿನಲ್ಲಿ ಅವನು ಸಿಟ್ಟಿನಿಂದ ಓದದೇ ಬಿಟ್ಟ ಸಾಲು.

‘ಮಗನಿಗೆ ಕಸುಬು ಕೊಟ್ಟಿದ್ದೇನೆ. ಅವನ ಕಣ್ಣು ನನ್ನ ಕಣ್ಣಿಗಿಂತ ಚುರುಕು. ಅವನಿಗೆ ಅದನ್ನು ಹೇಳದೇ ಹೋದದ್ದು ನನ್ನ ತಪ್ಪು.’

ಅವನು ತೋಳಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ಓದಲು ಬಗ್ಗಿದ. ಕಾಗದದ ಮೇಲೆ ನೀರು ಬೀಳಿಸಬೇಡಿ ಎಂದು ಮೇಡಂ ಗದರಿ, ಉಯಿಲನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಏನನ್ನೂ ಕೇಳದೆ ಒಂದು ಲೋಟ ನೀರು ತಂದು ದೂರದ ಸ್ಟೂಲಿನ ಮೇಲೆ ಇಟ್ಟರು.

ಕೋರ್ಟಿನಲ್ಲಿ ಕೆಲಸ ಅಂದುಕೊಂಡಂತೆಯೇ ಕೆಟ್ಟಿತು. ಯಜಮಾನರು ಸಹಿ ತಮ್ಮದೆಂದರು, ಮೊದಲ ಹಾಳೆ ಓದಿಲ್ಲವೆಂದರು. ಅಕ್ಕ ನಿಂತು, ಹೌದು ಪಿನ್ನು ಕಿತ್ತವಳು ನಾನೇ ಎಂದು ಮತ್ತೊಮ್ಮೆ ಹೇಳಿದಳು. ಅವಳ ಧ್ವನಿ ಅಲ್ಲಾಡಲಿಲ್ಲ. ನೀವು ಪ್ರಾಮಾಣಿಕರಿರಬಹುದಮ್ಮ, ಆದರೆ ಮೊದಲ ಹಾಳೆ ಇದೇ ಎನ್ನಲು ನಿಮ್ಮ ಮಾತು ಬಿಟ್ಟರೆ ಬೇರೆ ಆಧಾರ ಬೇಕಲ್ಲ ಎಂದರು ನ್ಯಾಯಾಧೀಶರು. ಅಕ್ಕನ ಬಳಿ ಆಧಾರವಿರಲಿಲ್ಲ. ಅವರು ಪುಟ ತಿರುಗಿಸಿ, ಮೃತರ ಮಗ ಬಂದಿದ್ದಾರೆಯೇ, ತಕರಾರಿದೆಯೇ ಎಂದು ಕೇಳಿದರು.

ತಮ್ಮ ಎದ್ದು ನಿಂತ. ಅಕ್ಕ ತಿರುಗಿ ನೋಡಲಿಲ್ಲ. ತಲೆ ತಗ್ಗಿಸಿ, ಬರುವ ಏಟಿಗೆ ಬೆನ್ನು ಕೊಟ್ಟವಳಂತೆ ನಿಂತಿದ್ದಳು.

"ತಕರಾರಿಲ್ಲ ಸ್ವಾಮಿ. ಆಧಾರ ಇದೆ. ಕಿಟಕಿ ಹತ್ತಿರ ಬಂದ್ರೆ ತೋರಿಸ್ತೀನಿ."

ನ್ಯಾಯಾಧೀಶರು ಕುರ್ಚಿ ಬಿಟ್ಟು ಇಳಿದು ಬಂದರು. ಆ ಕೋರ್ಟಿನಲ್ಲಿ ಅಂಥದ್ದು ನಡೆದದ್ದು ಅದೇ ಮೊದಲಂತೆ. ಅವನು ಹಾಳೆಯನ್ನು ಮುಟ್ಟಲಿಲ್ಲ, ಮೇಡಂ ಕೈಯಲ್ಲಿ ಹಿಡಿಸಿ, ಇನ್ನೂ ಸ್ವಲ್ಪ ಓರೆ, ಇನ್ನೂ ಸ್ವಲ್ಪ ಕೆಳಗೆ ಎಂದು ಹೇಳಿ ಬೆಳಕಿಗೆ ಒಡ್ಡಿಸಿದ. ಗೀರುಗಳು ಮೂಡಿದವು. ಮೊದಲ ಹಾಳೆಯ ಒಂದೊಂದು ಸಾಲಿಗೂ ಕೆಳಗಿನ ಗೀರಿಗೂ ಹೊಂದಿಸಿ, ಈ ಅಕ್ಷರದ ಬಾಲ ಇಲ್ಲಿ, ಈ ಒತ್ತಕ್ಷರ ಇಲ್ಲಿ ಎಂದು ಬೆರಳು ತಾಗಿಸದೆ ತೋರಿಸಿದ. ಎರಡನೆಯ ಹಾಳೆಯ ಮೇಲಿಟ್ಟೇ ಮೊದಲನೆಯದನ್ನು ಬರೆದದ್ದು, ಬೇರೆ ಹಾಳೆ ತಂದು ಸೇರಿಸಿದ್ದರೆ ಇವು ಹೀಗೆ ಹೊಂದುತ್ತಿರಲಿಲ್ಲ ಎಂದ. ಇದು ನಿಜವಾದರೆ ನಿಮಗೆ ಆ ಜಾಗದಲ್ಲಿ ಒಂದು ಗೇಣೂ ಬರುವುದಿಲ್ಲ, ತಿಳಿದಿದೆಯೇ ಎಂದು ನ್ಯಾಯಾಧೀಶರು ನಿಧಾನವಾಗಿ ಕೇಳಿದರು. ತಿಳಿದಿದೆ ಎಂದ. ಹೊಸ ವ್ಯಾನು ಅಲ್ಲಿಗೆ ಹೋಯಿತು.

ಪ್ರೊಬೇಟ್ ಕೊಡುವಂತೆ ಆದೇಶವಾಯಿತು. ಆ ಪುಟ್ಟ ಕೋರ್ಟಿನಲ್ಲಿ ಜನ ಕಡಿಮೆ, ಸಾಕ್ಷಿಯ ಹೇಳಿಕೆ ಬರೆದುಕೊಳ್ಳುವುದೂ ವಾಪಸ್ ಮೇಡಂ ಅವರೇ. ಪಟ್ಟಿಯಲ್ಲಿ ಇಲ್ಲದ ಸಾಕ್ಷಿ ಎದ್ದು ನಿಂತನಲ್ಲ, ಅವನ ವಿವರಗಳನ್ನು ಬರೆದುಕೊಳ್ಳಲು ಅವರು ಅಕ್ಕ ತಮ್ಮ ಇಬ್ಬರನ್ನೂ ಮೇಜಿನ ಬಳಿ ಕರೆದರು. ಹೆಸರಾಯಿತು, ವಯಸ್ಸಾಯಿತು.

"ಕಸುಬು?"

ಅವನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು. "ಬೈಂಡರ್ ಅಂತ ಬರ್ಕೊಳ್ಳಿ ಮೇಡಂ."

ಮೇಡಂ ಪೆನ್ನು ಎತ್ತಿ ಹಿಡಿದರು. ಈಗ ಬೈಂಡಿಂಗ್ ಕೆಲಸ ಮಾಡುತ್ತಿದ್ದೀರಾ ಎಂದು ಅವನನ್ನೇ ಕೇಳಿದರು. ಇಲ್ಲ, ವ್ಯಾನು ಓಡಿಸುತ್ತೇನೆ ಎಂದ ಅವನು, ನೆಲ ನೋಡುತ್ತ. ಹಾಗಾದರೆ ಚಾಲಕ ಎಂದೇ ಬರೆಯಬೇಕಾಗುತ್ತದೆ ಎಂದು ಮೇಡಂ ಹಾಗೇ ಬರೆದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ, ಕನ್ನಡಕವನ್ನು ಮಾತ್ರ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದರು.

ಅಕ್ಕ ಹದಿನಾಲ್ಕು ವರ್ಷದ ಮೇಲೆ ಮಾತಾಡಲು ತಮ್ಮನ ಕಡೆಗೆ ತಿರುಗಿದಳು. ಥ್ಯಾಂಕ್ಸ್ ಎನ್ನುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವನ ಎರಡೂ ಕೈಗಳನ್ನು ಹಿಡಿದು, ಮಗುಚಿ, ಬೀರು ಹೊತ್ತು ಹೊತ್ತು ದಡ್ಡುಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಕಣ್ಣಿನಲ್ಲಿ ನೀರು ತುಂಬಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು.

"ಗಾಡಿ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತೆ?"

"ಐದಕ್ಕೆ, ಅಕ್ಕ."

"ಐದೂವರೆಗೆ ಬಾ. ಪ್ರೆಸ್ಸು ಒಬ್ಬಳ ಕೈಲಿ ತಿರುಗಲ್ಲ ಕಣೋ. ಅಪ್ಪ ಹೋದ ಮೇಲೆ ಅದನ್ನ ಹಾಗೇ ಬಿಟ್ಟಿದ್ದೀನಿ."

ಅವನು ಹೂಂ ಎಂದ. ಮೇಡಂ ಸಹಿ ಹಾಕುವ ಜಾಗ ತೋರಿಸಿ, ಬೇಕಾದರೆ ಸ್ವಲ್ಪ ಹೊತ್ತು ಕೂತು ಹಾಕಿ, ನನಗೇನೂ ಅವಸರವಿಲ್ಲ ಎಂದರು.